ಇ-ಸೈಕಲ್ ಮೋಟರ್ ತಿರುಗುತ್ತಿಲ್ಲವೇ? ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಸೈಕಲ್ ನಿಂತುಹೋದರೆ ಎಲ್ಲರ ಕಣ್ಣು ಮೊದಲು ಹೋಗುವುದು ಮೋಟರಿನ ಮೇಲೆ. ತಿರುಗಬೇಕಾದದ್ದು ಅದೇ ಅಲ್ವಾ, ತಿರುಗುತ್ತಿಲ್ಲ ಅಂದ ಮೇಲೆ ಅದೇ ಕೆಟ್ಟಿರಬೇಕು ಅನ್ನುವ ಲೆಕ್ಕ. ಆದರೆ ಚಕ್ರದ ನಡುವೆ ಕೂತಿರುವ ಹಬ್ ಮೋಟರನ್ನು ಬಿಚ್ಚಿದರೆ ಒಳಗೆ ಕಾಣುವುದು ತಾಮ್ರದ ಸುರುಳಿ, ಆಯಸ್ಕಾಂತ, ಬೇರಿಂಗ್, ಆಯಸ್ಕಾಂತ ಎಲ್ಲಿದೆ ಅಂತ ಗುರುತಿಸುವ ಮೂರು ಪುಟ್ಟ ಹಾಲ್ ಸೆನ್ಸರ್, ಕೆಲವದರಲ್ಲಿ ಗೇರು. ಸುಮ್ನೆ ಕೆಡುವ ವಸ್ತುಗಳಲ್ಲ ಇವು. ಹೊಸ ಮೋಟರ್ ತಂದು ಹಾಕಿ, ಅದೂ ತಿರುಗದೆ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಮೋಟರ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಅದನ್ನು ತಿರುಗಿಸುವುದು ಕಂಟ್ರೋಲರ್, ಬ್ಯಾಟರಿಗೂ ಮೋಟರಿಗೂ ನಡುವೆ ಇರುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಕರೆಂಟ್ ಬಿಡುವ ಮೊದಲು ಕಂಟ್ರೋಲರ್ ಒಂದಷ್ಟು ವಿಷಯ ನೋಡಿಕೊಳ್ಳುತ್ತದೆ. ಬ್ಯಾಟರಿಯ ವೋಲ್ಟೇಜ್ ಸಾಕಷ್ಟಿದೆಯಾ, ಬ್ರೇಕ್ ಬಿಟ್ಟಿದ್ದಾರಾ, ಆನ್ ಮಾಡುವಾಗ ಥ್ರಾಟಲ್ (ವೇಗ ಕೊಡುವ ಹಿಡಿ) ಸೊನ್ನೆಯಲ್ಲಿತ್ತಾ, ಮೋಟರಿನ ಹಾಲ್ ಸೆನ್ಸರ್‌ಗಳಿಂದ ಸರಿಯಾದ ಸಂಕೇತ ಬರುತ್ತಿದೆಯಾ. ಇದರಲ್ಲಿ ಒಂದಕ್ಕೆ ಇಲ್ಲ ಅನ್ನುವ ಉತ್ತರ ಬಂದರೂ ಸಾಮಾನ್ಯವಾಗಿ ಅದು ಕರೆಂಟ್ ಬಿಡುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ‘ಮೋಟರ್ ಕೆಟ್ಟಿದೆಯಾ’ ಅಂತಲ್ಲ. ‘ಕಂಟ್ರೋಲರ್ ಅದನ್ನು ತಿರುಗಿಸಲು ನೋಡುತ್ತಿದೆಯಾ, ಇಲ್ವಾ?’ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೈ ಹಾಕುವ ಮೊದಲು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಅಗ್ಗದ್ದಾದರೂ ನಡೆಯುತ್ತದೆ. ಡಿಸಿ ವೋಲ್ಟೇಜ್, ಓಮ್, ಡಯೋಡ್ ಮತ್ತು ತುದಿಯಿಂದ ತುದಿಗೆ ಕರೆಂಟ್ ಹರಿಯುತ್ತದೆಯಾ ಅಂತ ಬೀಪ್ ಹೊಡೆದು ಹೇಳುವ ಕಂಟಿನ್ಯುಟಿ ಇದ್ದರೆ ಸಾಕು. ಜೊತೆಗೆ ಅಲೆನ್ ಕೀ, ಸ್ಪ್ಯಾನರ್, ಸ್ಕ್ರೂ ಡ್ರೈವರ್, ಇನ್ಸುಲೇಷನ್ ಟೇಪ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇರಲಿ.

ಮೋಟರ್ ಇರುವ ಚಕ್ರ ನೆಲದಿಂದ ಮೇಲೆ ಇರಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಆದರೆ ಡಿಸ್‌ಪ್ಲೇ ಮತ್ತು ಥ್ರಾಟಲ್ ಮೇಲೆ ಭಾರ ಬೀಳದ ಹಾಗೆ ಕೆಳಗೆ ಏನಾದರೂ ಕೊಡಿ. ದೋಷ ಸರಿಹೋದ ಕ್ಷಣದಲ್ಲೇ ಚಕ್ರ ರಭಸದಿಂದ ತಿರುಗುತ್ತದೆ. ಬೆರಳು, ಸಡಿಲ ಬಟ್ಟೆ, ಮೀಟರಿನ ವೈರ್ ಎಲ್ಲ ದೂರ ಇರಲಿ.

36 ಅಥವಾ 48 ವೋಲ್ಟ್ ಒಣ ಕೈಗೆ ಸಾಮಾನ್ಯವಾಗಿ ಜೋರಾಗಿ ಶಾಕ್ ಹೊಡೆಯುವುದಿಲ್ಲ. ಅಪಾಯ ಇರುವುದು ಶಾರ್ಟ್‌ನಲ್ಲಿ. ಲಿಥಿಯಂ ಬ್ಯಾಟರಿಯ ಎರಡು ತುದಿ ಲೋಹದಲ್ಲಿ ಕೂಡಿದರೆ ನೂರಾರು ಆಂಪ್ ಹರಿದು ಸ್ಕ್ರೂ ಡ್ರೈವರಿನ ತುದಿಯೇ ಕರಗಬಹುದು. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಮೀಟರಿನ ಪ್ರೋಬ್‌ಗಳಿಗೆ ತುದಿ ಮಾತ್ರ ಕಾಣುವಂತೆ ಟೇಪ್ ಸುತ್ತಿ. ಮೋಟರಿನ ಕನೆಕ್ಟರ್ ಬಿಚ್ಚುವಾಗ, ಹಾಕುವಾಗ ಬ್ಯಾಟರಿ ಬೇರೆಯಾಗಿರಲಿ. ಬ್ಯಾಟರಿ ತೆಗೆದ ಮೇಲೂ ಕಂಟ್ರೋಲರಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಹೆಚ್ಚಿನದು ಇಳಿಯುತ್ತದೆ.

ಬ್ಯಾಟರಿ ಉಬ್ಬಿದ್ದರೆ, ತಾನಾಗಿ ಬಿಸಿಯಾಗುತ್ತಿದ್ದರೆ, ಸಿಹಿಸಿಹಿ ರಾಸಾಯನಿಕ ವಾಸನೆ ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಚಾರ್ಜಿಗೆ ಹಾಕಬೇಡಿ. ಮನೆಯಿಂದ ಹೊರಗೆ, ಉರಿಯುವಂಥದ್ದು ಹತ್ತಿರ ಇಲ್ಲದ ಕಡೆ ಇಟ್ಟು ತಿಳಿದವರಿಗೆ ಒಪ್ಪಿಸಿ.

ಮೊದಲು ಲಕ್ಷಣ ಗುರುತಿಸಿ

ಚಕ್ರ ಎತ್ತಿ, ಆನ್ ಮಾಡಿ, ಥ್ರಾಟಲ್ ನಿಧಾನಕ್ಕೆ ತಿರುಗಿಸಿ. ಥ್ರಾಟಲ್ ಇಲ್ಲದ ಸೈಕಲ್ ಆದರೆ ಅಸಿಸ್ಟ್ ಮಟ್ಟವನ್ನು, ಅಂದರೆ ಪೆಡಲ್ ತುಳಿದಾಗ ಮೋಟರ್ ಕೊಡುವ ನೆರವನ್ನು, 1ಕ್ಕೆ ಇಟ್ಟು ಪೆಡಲ್ ಮುಂದಕ್ಕೆ ತಿರುಗಿಸಿ. ಈಗ ಕಿವಿಗೊಡಿ.

ಡಿಸ್‌ಪ್ಲೇನೇ ಹತ್ತಲಿಲ್ಲ ಅಂದರೆ ಬ್ಯಾಟರಿಯಿಂದ ಕಂಟ್ರೋಲರಿನವರೆಗಿನ ದಾರಿ ನೋಡಬೇಕು. ಡಿಸ್‌ಪ್ಲೇ ಹತ್ತಿದೆ, ಮೋಟರ್ ಮಾತ್ರ ಪೂರ್ತಿ ಮೌನ. ಹಾಗಿದ್ದರೆ ಕಂಟ್ರೋಲರ್ ಪ್ರಯತ್ನವೇ ಮಾಡುತ್ತಿಲ್ಲ. ಬ್ರೇಕ್ ಸ್ವಿಚ್, ಥ್ರಾಟಲ್, ಪೆಡಲ್ ಸೆನ್ಸರ್, ಸೆಟ್ಟಿಂಗ್, ಕನೆಕ್ಟರ್ ಇವೇ ಗುಮಾನಿಯ ಸಾಲಿನಲ್ಲಿ ಮುಂದೆ ನಿಲ್ಲುತ್ತವೆ. ಮೋಟರ್ ಗೊರಗೊರ ಅನ್ನುತ್ತದೆ, ನಡುಗುತ್ತದೆ, ತಿರುಗುವುದಿಲ್ಲ. ಇಲ್ಲಿ ಪ್ರಯತ್ನ ನಡೆಯುತ್ತಿದೆ, ಆದರೆ ಮೋಟರಿಗೆ ಕರೆಂಟ್ ಒಯ್ಯುವ ಮೂರು ದಪ್ಪ ಫೇಸ್ ವೈರ್‌ಗಳಲ್ಲಿ ಒಂದು ಅಥವಾ ಒಂದು ಹಾಲ್ ಸಂಕೇತ ಕೈಕೊಟ್ಟಿದೆ. ಮೋಟರ್ ಒಳಗೆ ಸೊಯ್ಯನೆ ತಿರುಗುವ ಸದ್ದು ಬಂದು ಚಕ್ರ ಮಾತ್ರ ಅಲ್ಲಾಡದಿದ್ದರೆ ವಿದ್ಯುತ್ತಿನ ಕಡೆ ತಕರಾರಿಲ್ಲ, ಒಳಗಿನ ಗೇರು ಅಥವಾ ಕ್ಲಚ್ ಹೋಗಿದೆ. ಒಂದು ಕ್ಷಣ ತಿರುಗಿ ಎಲ್ಲವೂ ಆಫ್ ಆದರೆ ಬ್ಯಾಟರಿ.

ನಿಮ್ಮದು ಯಾವುದು ಅಂತ ಗೊತ್ತಾದರೆ ಆ ಭಾಗಕ್ಕೆ ನೇರ ಹೋಗಬಹುದು. ಆದರೂ ಮುಂದಿನ ಭಾಗವನ್ನು ಯಾರೂ ಬಿಡಬೇಡಿ.

ಸ್ಪ್ಯಾನರ್ ಬೇಡದ ಪರೀಕ್ಷೆಗಳು

ಅಸಿಸ್ಟ್ ಮಟ್ಟ ಸೊನ್ನೆಯಲ್ಲಿದ್ದರೆ ಪೆಡಲ್ ಎಷ್ಟು ತುಳಿದರೂ ಮೋಟರ್ ಬರುವುದಿಲ್ಲ, ಕೆಲವು ಸೈಕಲ್‌ಗಳಲ್ಲಿ ಥ್ರಾಟಲ್ ಕೂಡ ಸತ್ತ ಹಾಗಿರುತ್ತದೆ. ಇನ್ನು ಕೆಲವದರಲ್ಲಿ ನಿಂತಲ್ಲಿಂದ ಥ್ರಾಟಲ್ ಕೆಲಸ ಮಾಡಬಾರದು, ಸೈಕಲ್ ಚಲಿಸುತ್ತಿದ್ದರೆ ಮಾತ್ರ ಮಾಡಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ. ಡಿಸ್‌ಪ್ಲೇ ರಿಸೆಟ್ ಆದಾಗ ಇದು ಬದಲಾಗಿರಬಹುದು. ಕೈಯಿಂದ ಚಕ್ರ ತಿರುಗಿಸಿಕೊಂಡೇ ಥ್ರಾಟಲ್ ಕೊಟ್ಟು ನೋಡಿ. ಮೆನುವಿನಲ್ಲಿ ಬ್ಯಾಟರಿಯ ವೋಲ್ಟೇಜ್ ಆಯ್ಕೆ ಇದ್ದರೆ ಅದನ್ನೂ ನೋಡಿ. 36 ವೋಲ್ಟ್ ಬ್ಯಾಟರಿಗೆ 48 ಅಂತ ಇಟ್ಟಿದ್ದರೆ ಬ್ಯಾಟರಿ ಖಾಲಿ ಅಂದುಕೊಂಡು ಅದು ಮೋಟರನ್ನು ತಡೆಯಬಹುದು.

ಬ್ಯಾಟರಿಯನ್ನು ಹಳಿಯಿಂದ ತೆಗೆದು ಮತ್ತೆ ಕೂರಿಸಿ, ಕೀಲಿ ಪೂರ್ತಿ ತಿರುಗಿಸಿ. ಅರ್ಧ ಕೂತ ಬ್ಯಾಟರಿಯಲ್ಲಿ ಡಿಸ್‌ಪ್ಲೇಗೆ ಬೇಕಾದ ಅಲ್ಪ ಕರೆಂಟ್ ಹೋಗುತ್ತದೆ, ಮೋಟರಿಗೆ ಬೇಕಾದ ದೊಡ್ಡ ಕರೆಂಟ್ ಹೋಗುವುದಿಲ್ಲ.

ಡಿಸ್‌ಪ್ಲೇ ಮೇಲೆ ಎರರ್ ಸಂಖ್ಯೆ ಬಂದಿದ್ದರೆ ಬರೆದಿಟ್ಟುಕೊಳ್ಳಿ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಒಂದೇ ಸಂಖ್ಯೆಗೆ ಬೇರೆ ಬೇರೆ ಕಂಪನಿಯಲ್ಲಿ ಬೇರೆ ಅರ್ಥ ಇದೆ. ಚಿಕ್ಕ ಕಿಟ್‌ಗಳ ಬಹಳಷ್ಟು ಡಿಸ್‌ಪ್ಲೇಗಳಲ್ಲಿ 21 ಅಂದರೆ ಕರೆಂಟ್ ದೋಷ, 22 ಥ್ರಾಟಲ್, 23 ಮೋಟರ್ ಫೇಸ್, 24 ಹಾಲ್, 25 ಬ್ರೇಕ್. ಬಫಾಂಗ್ ಕಂಪನಿಯ ವ್ಯವಸ್ಥೆಯಲ್ಲಿ 21 ಅಂದರೆ ಸ್ಪೀಡ್ ಸೆನ್ಸರ್, ಹಾಲ್ ದೋಷಕ್ಕೆ 08. ಎರಡರಲ್ಲೂ 30 ಅಂದರೆ ಡಿಸ್‌ಪ್ಲೇಗೂ ಕಂಟ್ರೋಲರಿಗೂ ನಡುವೆ ಮಾತುಕತೆ ನಿಂತಿದೆ ಅಂತ. ನಿಮ್ಮ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು. ಎರರ್ ಬಂದ ಕೂಡಲೇ ಆ ಭಾಗ ಕೊಂಡು ತರಬೇಡಿ. ಹಾಲ್ ಎರರ್ ತೋರಿಸಿದ ಸೈಕಲ್‌ನಲ್ಲಿ ಹಾಲ್ ಸೆನ್ಸರ್ ಚೆನ್ನಾಗಿದ್ದು, ಪಿನ್ ಮಾತ್ರ ಮಡಚಿಕೊಂಡಿರುವುದು ತೀರಾ ಸಾಮಾನ್ಯ.

ಬ್ಯಾಟರಿ: ಸುಮ್ಮನಿದ್ದಾಗ ಒಂದು ಲೆಕ್ಕ, ಭಾರ ಬಿದ್ದಾಗ ಇನ್ನೊಂದು

ಮೀಟರನ್ನು ಡಿಸಿ 200 ವೋಲ್ಟ್ ಸ್ಥಾನಕ್ಕೆ ಇಟ್ಟು ಬ್ಯಾಟರಿಯ ಡಿಸ್ಚಾರ್ಜ್ ತುದಿಗಳಲ್ಲಿ ಅಳೆಯಿರಿ, ಅಂದರೆ ಸೈಕಲಿಗೆ ಕರೆಂಟ್ ಹೋಗುವ ಕಡೆ. 36 ವೋಲ್ಟ್ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಸರಣಿಯಾಗಿ 10 ಸೆಲ್ ಇರುತ್ತವೆ, ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. 48 ವೋಲ್ಟಿನದರಲ್ಲಿ 13 ಸೆಲ್, ಪೂರ್ತಿ ಚಾರ್ಜಿಗೆ 54.6 ವೋಲ್ಟ್. ಕಂಟ್ರೋಲರ್ ಕೈಬಿಡುವುದು ಸಾಮಾನ್ಯವಾಗಿ ಮೊದಲನೆಯದಕ್ಕೆ 30-31 ವೋಲ್ಟಿನ ಆಸುಪಾಸು, ಎರಡನೆಯದಕ್ಕೆ 40ರ ಆಸುಪಾಸು.

ಡಿಸ್ಚಾರ್ಜ್ ತುದಿಯಲ್ಲಿ ಸೊನ್ನೆ ಅಥವಾ ನಾಲ್ಕೈದು ವೋಲ್ಟಿನ ಅರ್ಥವಿಲ್ಲದ ಅಂಕಿ ಬಂದರೆ ಚಾರ್ಜಿಂಗ್ ತೂತಿನಲ್ಲಿ ಅಳೆದು ನೋಡಿ. ಅಲ್ಲಿ ವೋಲ್ಟೇಜ್ ಇದ್ದು ಇಲ್ಲಿ ಇಲ್ಲ ಅಂದರೆ ಫ್ಯೂಸ್ ಹೋಗಿರಬಹುದು, ಇಲ್ಲವೇ ಸೆಲ್‌ಗಳನ್ನು ಕಾಯುವ ಒಳಗಿನ ಬಿಎಂಎಸ್ ಬೋರ್ಡ್ ಕರೆಂಟ್ ತಡೆದಿದೆ. ಫ್ಯೂಸ್ ಬ್ಯಾಟರಿಯ ಪಕ್ಕ ಅಥವಾ ಕೂರುವ ತಟ್ಟೆಯಲ್ಲಿ ಇರುತ್ತದೆ. ಕಣ್ಣಿಂದ ನೋಡಿ ಬಿಡಬೇಡಿ, ಹೊರಗೆ ತೆಗೆದು ಬೀಪ್ ಹಾಕಿ ನೋಡಿ. ಹಾಕುವಾಗ ಅದೇ ಆಂಪಿನದನ್ನೇ ಹಾಕಿ. ಬಿಎಂಎಸ್ ತಡೆದಿದ್ದರೆ ಬಹಳಷ್ಟು ಸಲ ಚಾರ್ಜರ್ ಸಿಕ್ಕಿಸಿದ ಕೂಡಲೇ ಎಚ್ಚರಗೊಳ್ಳುತ್ತದೆ. ಬಿಎಂಎಸ್ ಬಿಟ್ಟು ನೇರ ವೈರ್ ಎಳೆಯುವ ವಿಡಿಯೋಗಳು ಕಾಣಸಿಗುತ್ತವೆ. ಅದನ್ನು ಮಾತ್ರ ಮಾಡಬೇಡಿ. ಸೆಲ್ ಒಂದು ಸತ್ತಿರುವುದರಿಂದಲೇ ಅದು ತಡೆದಿರಬಹುದು, ಬೆಂಕಿ ಬೀಳುವುದು ಅಂಥಲ್ಲೇ. ಬ್ಯಾಟರಿಯೇ ಕಂಟ್ರೋಲರ್ ಜೊತೆ ಮಾತಾಡುವ ಕೆಲವು ವ್ಯವಸ್ಥೆಗಳಲ್ಲಿ ಸೈಕಲಿಗೆ ಸಿಕ್ಕಿಸುವ ತನಕ ತುದಿಯಲ್ಲಿ ವೋಲ್ಟೇಜ್ ಬರುವುದೇ ಇಲ್ಲ ಅನ್ನುವುದೂ ನೆನಪಿರಲಿ.

ಸುಮ್ಮನಿದ್ದಾಗ ಒಳ್ಳೆ ಅಂಕಿ ಬಂತು ಅಂತ ಬ್ಯಾಟರಿಗೆ ಪಾಸ್ ಮಾರ್ಕ್ ಕೊಡಬೇಡಿ. ಕಂಟ್ರೋಲರಿಗೆ ಹೋಗುವ ಕೆಂಪು ಕಪ್ಪು ದಪ್ಪ ವೈರ್‌ಗಳ ಹತ್ತಿರ ಪ್ರೋಬ್ ಹಿಡಿದೇ ಥ್ರಾಟಲ್ ಕೊಡಿ. 48 ವೋಲ್ಟಿನ ಬ್ಯಾಟರಿ 50 ತೋರಿಸುತ್ತಿದ್ದದ್ದು ಥ್ರಾಟಲ್ ಕೊಟ್ಟ ಕೂಡಲೇ 40ರ ಕೆಳಗೆ ಕುಸಿದರೆ ಸೆಲ್ ಹಳತಾಗಿದೆ ಅಥವಾ ದಾರಿಯಲ್ಲಿ ಎಲ್ಲೋ ಸಡಿಲ ಜೋಡಣೆ ಇದೆ. ಯಾವುದು ಅಂತ ತಿಳಿಯಲು ಅದೇ ಪರೀಕ್ಷೆಯನ್ನು ಬ್ಯಾಟರಿಯ ತುದಿಯಲ್ಲೂ ಮಾಡಿ. ಅಲ್ಲಿ ಕುಸಿಯದೆ ಕಂಟ್ರೋಲರ್ ಹತ್ತಿರ ಮಾತ್ರ ಕುಸಿದರೆ ತಪ್ಪು ಕನೆಕ್ಟರಿನದು.

ಬ್ರೇಕ್ ಸ್ವಿಚ್: ಸುಮ್ಮನಿದ್ದು ಕಾಡುವವನು

ಡಿಸ್‌ಪ್ಲೇ ಚೆನ್ನಾಗಿ ಹತ್ತಿ, ಬ್ಯಾಟರಿ ಸರಿ ಇದ್ದು, ಮೋಟರಿಂದ ಒಂದು ಸದ್ದೂ ಇಲ್ಲದಿದ್ದರೆ ನಾನು ಮೊದಲು ಮುಟ್ಟುವುದು ಬ್ರೇಕ್ ಲಿವರನ್ನು. ಲಿವರ್ ಎಳೆದಾಗ ಮೋಟರ್ ನಿಲ್ಲಲಿ ಅಂತ ಅದರೊಳಗೆ ಪುಟ್ಟ ಸ್ವಿಚ್ ಇರುತ್ತದೆ. ಮಳೆ ನೀರು, ಧೂಳು, ಬಿಗಿಯಾದ ಕೇಬಲ್ ಅಥವಾ ಸೈಕಲ್ ಬಿದ್ದಾಗ ಬಾಗಿದ ಲಿವರ್, ಇದರಲ್ಲಿ ಯಾವುದೇ ಕಾರಣಕ್ಕೆ ಆ ಸ್ವಿಚ್ ಒತ್ತಿದಲ್ಲೇ ಉಳಿದರೆ ಕಂಟ್ರೋಲರಿನ ಮಟ್ಟಿಗೆ ನೀವು ಸದಾ ಬ್ರೇಕ್ ಹಿಡಿದಿದ್ದೀರಿ. ಡಿಸ್‌ಪ್ಲೇ ಮೇಲೆ ಬ್ರೇಕ್ ಚಿಹ್ನೆ ಹತ್ತಿಕೊಂಡೇ ಇದ್ದರೆ, ಹಿಂದಿನ ಬ್ರೇಕ್ ಲೈಟ್ ಆರದಿದ್ದರೆ ಅನುಮಾನವೇ ಬೇಡ.

ಪರೀಕ್ಷೆ ಸುಲಭ. ಆಫ್ ಮಾಡಿ, ಎರಡೂ ಬ್ರೇಕ್ ಸ್ವಿಚ್‌ಗಳ ಕನೆಕ್ಟರ್ ಬಿಚ್ಚಿ, ಮತ್ತೆ ಆನ್ ಮಾಡಿ ಥ್ರಾಟಲ್ ಕೊಡಿ. ಸಾಮಾನ್ಯ ಕಿಟ್‌ಗಳಲ್ಲಿ ಎರಡು ವೈರ್ ಒಂದಕ್ಕೊಂದು ತಾಗಿದರೆ ಬ್ರೇಕ್ ಹಿಡಿದ ಹಾಗೆ, ಬಿಚ್ಚಿದ್ದರೆ ಬಿಟ್ಟ ಹಾಗೆ. ಆದ್ದರಿಂದ ಬಿಚ್ಚಿದ ಮೇಲೆ ಮೋಟರ್ ತಿರುಗಿದರೆ ದೋಷ ಸಿಕ್ಕಿತು. ಒಂದೊಂದಾಗಿ ಹಾಕಿ ಎಡದ್ದೋ ಬಲದ್ದೋ ನೋಡಿ. ಹೈಡ್ರಾಲಿಕ್ ಬ್ರೇಕಿಗೆ ಅಂಟಿಸುವ ಸೆನ್ಸರ್‌ನಲ್ಲಿ ಆಯಸ್ಕಾಂತ ಜಾರಿದ್ದರೂ ಇದೇ ಲಕ್ಷಣ. ಸ್ವಿಚ್ ಬಿಚ್ಚಿಟ್ಟು ಓಡಿಸಿಕೊಂಡಿರೋಣ ಅಂತ ಅನ್ನಿಸಬಹುದು. ಪೆಡಲ್ ಸೆನ್ಸರ್ ಇರುವ ಸೈಕಲ್ ಪೆಡಲ್ ನಿಲ್ಲಿಸಿದ ಮೇಲೂ ಒಂದು ಕ್ಷಣ ಎಳೆಯುತ್ತದೆ, ತುರ್ತು ಬ್ರೇಕ್ ಹಾಕಬೇಕಾದ ಹೊತ್ತಿಗೆ ಅದೇ ಮುಳುವಾಗುತ್ತದೆ. ಹೊಸದು ಹಾಕಿಸಿ.

ಥ್ರಾಟಲ್, ಪೆಡಲ್ ಸೆನ್ಸರ್ ಮತ್ತು ಆ 5 ವೋಲ್ಟ್

ಥ್ರಾಟಲ್ ಒಳಗೂ ಒಂದು ಆಯಸ್ಕಾಂತ ಮತ್ತು ಒಂದು ಹಾಲ್ ಸೆನ್ಸರ್ ಇದೆ. ಮುಖ್ಯವಾದದ್ದು ಮೂರು ವೈರ್. ಕೆಂಪಿನಲ್ಲಿ ಕಂಟ್ರೋಲರಿಂದ 5 ವೋಲ್ಟ್ ಬರುತ್ತದೆ, ಕಪ್ಪು ನೆಗೆಟಿವ್, ಉಳಿದದ್ದು ಸಂಕೇತ, ಸಾಮಾನ್ಯವಾಗಿ ಹಸಿರು ಅಥವಾ ಬಿಳಿ. ಬಣ್ಣಗಳಿಗೆ ಕಟ್ಟುನಿಟ್ಟಿನ ನಿಯಮ ಇಲ್ಲ, ಹಾಗಾಗಿ ಅಳೆದೇ ಖಚಿತ ಮಾಡಿಕೊಳ್ಳಿ.

1. ಕನೆಕ್ಟರ್ ಹಾಕಿರುವಾಗಲೇ ಅದರ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿಯಲ್ಲಿ ಪ್ರೋಬ್ ತೂರಿಸಿ. ತೆಳುವಾದ ಸೂಜಿ ಇಟ್ಟು ಅದಕ್ಕೆ ಪ್ರೋಬ್ ತಾಗಿಸಿದರೆ ಇನ್ನೂ ಸುಲಭ. ಒಂದು ಪಿನ್‌ನ ಸೂಜಿ ಇನ್ನೊಂದಕ್ಕೆ ತಾಗದಿರಲಿ.

2. ಕೆಂಪು ಕಪ್ಪಿನ ನಡುವೆ 4.3ರಿಂದ 5 ವೋಲ್ಟ್ ಬರಬೇಕು.

3. ಕಪ್ಪು ಮತ್ತು ಸಂಕೇತದ ನಡುವೆ ಬಿಟ್ಟಾಗ 0.8ರ ಹತ್ತಿರ, ನಿಧಾನಕ್ಕೆ ತಿರುಗಿಸಿದಂತೆ ಏರುತ್ತ ಕೊನೆಗೆ 3.5ರಿಂದ 4.2ರ ಒಳಗೆ ನಿಲ್ಲಬೇಕು.

ಸಂಕೇತ ಅಲ್ಲಾಡದೆ ಒಂದೇ ಕಡೆ ನಿಂತಿದ್ದರೆ ಥ್ರಾಟಲ್ ಹೋಗಿದೆ. ಬಿಟ್ಟಾಗಲೂ 1.2, 1.5 ಅಂತ ತೋರಿಸುತ್ತಿದ್ದರೆ ಅದೂ ದೋಷವೇ. ಆನ್ ಆಗುವಾಗ ಥ್ರಾಟಲ್ ತಿರುಗಿಸಿರುವಂತೆ ಕಂಡರೆ ಸೈಕಲ್ ತಾನಾಗಿ ನುಗ್ಗಬಾರದು ಅಂತ ಕಂಟ್ರೋಲರ್ ಮೋಟರನ್ನು ತಡೆಹಿಡಿಯುತ್ತದೆ. ಹಿಡಿ ಪೂರ್ತಿ ಹಿಂದಕ್ಕೆ ಬರುತ್ತಿದೆಯಾ, ರಬ್ಬರ್ ಗ್ರಿಪ್ ಒತ್ತಿ ಸಿಕ್ಕಿಹಾಕಿಕೊಂಡಿದೆಯಾ ನೋಡಿ.

5 ವೋಲ್ಟೇ ಇಲ್ಲದಿದ್ದರೆ? ಆತುರಪಟ್ಟು ಕಂಟ್ರೋಲರ್ ಎಸೆಯಬೇಡಿ. ಥ್ರಾಟಲ್, ಪೆಡಲ್ ಸೆನ್ಸರ್, ಮೋಟರಿನ ಹಾಲ್ ಸೆನ್ಸರ್ ಎಲ್ಲಕ್ಕೂ ಆ 5 ವೋಲ್ಟ್ ಒಂದೇ ಮೂಲದಿಂದ ಹೋಗುತ್ತದೆ. ಒಂದರಲ್ಲಿ ಶಾರ್ಟ್ ಆದರೆ ಎಲ್ಲವೂ ಸಾಯುತ್ತವೆ. ಪ್ರತಿ ಸಲವೂ ಆಫ್ ಮಾಡಿ ಒಂದೊಂದೇ ಕನೆಕ್ಟರ್ ಬಿಚ್ಚಿ. ಮೊದಲು ಪೆಡಲ್ ಸೆನ್ಸರ್, ಆಮೇಲೆ ಮೋಟರ್, ಕೊನೆಗೆ ಥ್ರಾಟಲ್. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಅದರ ಕಡೆಗೇ ಶಾರ್ಟ್ ಇದೆ. ಎಲ್ಲ ಬಿಚ್ಚಿದರೂ ಬರಲಿಲ್ಲ ಅಂದರೆ ಆಗ ಕಂಟ್ರೋಲರಿನ ಮೇಲೆ ಬೆರಳು ತೋರಿಸಬಹುದು.

ಪೆಡಲ್ ಸೆನ್ಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರ್ಯಾಂಕ್ ಜೊತೆ ತಿರುಗುವ ಆಯಸ್ಕಾಂತದ ತಟ್ಟೆ ಮತ್ತು ಸೆನ್ಸರ್ ನಡುವೆ ಒಂದೆರಡು ಮಿಲಿಮೀಟರ್ ಅಂತರ ಇರಬೇಕು. ತಟ್ಟೆ ಜಾರಿ ದೂರ ಹೋಗಿದ್ದರೆ, ಉಲ್ಟಾ ಹಾಕಿದ್ದರೆ ಸಂಕೇತ ಹೋಗುವುದಿಲ್ಲ. ಥ್ರಾಟಲ್‌ಗೆ ಮೋಟರ್ ಓಡಿ ಪೆಡಲ್‌ಗೆ ಓಡದಿದ್ದರೆ ನೇರ ಇಲ್ಲಿಗೆ ಬನ್ನಿ.

ಕನೆಕ್ಟರ್‌ಗಳು: ಅರ್ಧಕ್ಕರ್ಧ ತೊಂದರೆ ಇಲ್ಲೇ

ಸೈಕಲ್ ಮೊದಲ ದಿನದಿಂದ ಕೊನೆಯ ದಿನದವರೆಗೆ ನಡುಗುತ್ತಲೇ ಇರುತ್ತದೆ. ಮೇಲೆ ಮಳೆ, ಕೆಳಗೆ ಕೆಸರು, ತೊಳೆಯುವಾಗ ಪೈಪಿನ ರಭಸದ ನೀರು. ಎಲ್ಲ ವೈರ್‌ಗಳನ್ನೂ ಕೂಡಿಸಿರುವುದು ಬೆರಳಿನ ಗಾತ್ರದ ಪ್ಲಾಸ್ಟಿಕ್ ಕನೆಕ್ಟರ್‌ಗಳು. ದೋಷ ಅಲ್ಲಿ ಬರದೆ ಇನ್ನೆಲ್ಲಿ ಬಂದೀತು?

ಬ್ಯಾಟರಿ ತೆಗೆದಿಟ್ಟು ಪ್ರತಿ ಕನೆಕ್ಟರನ್ನೂ ಬಿಚ್ಚಿ, ಒಳಗೆ ಟಾರ್ಚ್ ಹಾಕಿ ನೋಡಿ. ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರಿನ ಮೈ ಹಿಡಿದು ಎಳೆಯಿರಿ. ಮೋಟರಿಗೆ ಹೋಗುವ ದುಂಡನೆಯ 9 ಪಿನ್‌ನ ಕನೆಕ್ಟರಿನಲ್ಲಿ ಮೂರು ದಪ್ಪ ಪಿನ್ ಫೇಸ್‌ಗೆ, ಉಳಿದ ಸಣ್ಣವು ಹಾಲ್ ಮತ್ತು ಸ್ಪೀಡ್ ಸಂಕೇತಕ್ಕೆ. ಪಂಕ್ಚರ್ ಹಾಕಲು ಚಕ್ರ ಬಿಚ್ಚಿದವರು ಮತ್ತೆ ಹಾಕುವಾಗ ಮೇಲಿನ ಬಾಣದ ಗುರುತು ಎದುರುಬದುರು ಇದೆಯಾ ಅಂತ ನೋಡದೆ ಒತ್ತಿದರೆ ಆ ಸಣ್ಣ ಪಿನ್‌ಗಳಲ್ಲಿ ಒಂದು ಮಲಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕನೆಕ್ಟರ್ ನೆಟ್ಟಗೆ ಕೂತಂತೆಯೇ ಕಾಣುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದಾಗ ಮಾತ್ರ ಎಂಟು ಪಿನ್ ನಿಂತಿವೆ, ಒಂದು ಗೋಡೆಗೆ ಒರಗಿದೆ ಅಂತ ಗೊತ್ತಾಗುತ್ತದೆ. ತೆಳುವಾದ ಚಿಮಟದಿಂದ ಮೆಲ್ಲಗೆ ನೇರ ಮಾಡಬಹುದು. ಎರಡು ಮೂರು ಸಲ ಬಾಗಿಸಿದರೆ ಮುರಿಯುತ್ತದೆ.

ಕನೆಕ್ಟರ್ ಪೂರ್ತಿ ಒಳಗೆ ಹೋಗದಿರುವುದೂ ಸಾಮಾನ್ಯ. ಈ ದುಂಡು ಕನೆಕ್ಟರ್ ಎಲ್ಲಿಯವರೆಗೆ ಹೋಗಬೇಕು ಅಂತ ಒಂದು ಗೆರೆ ಇರುತ್ತದೆ, ಅಲ್ಲಿಯವರೆಗೆ ಒತ್ತಿ. ಚೌಕದ ಬಿಳಿ ಪ್ಲಾಸ್ಟಿಕ್ ಕನೆಕ್ಟರ್‌ಗಳಲ್ಲಿ ಪಿನ್ ಹಿಂದಕ್ಕೆ ಜಾರಿ ಎದುರಿನದನ್ನು ಮುಟ್ಟದೆ ಇರುತ್ತದೆ. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿದರೆ ತಿಳಿಯುತ್ತದೆ. ಪಿನ್ ಮೇಲೆ ಹಸಿರು ಪುಡಿ ಕಂಡರೆ ತಾಮ್ರಕ್ಕೆ ನೀರು ತಾಗಿದೆ ಅಂತ ಅರ್ಥ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆ ಟೂತ್ ಬ್ರಷ್‌ನಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ ಅಲ್ಲಿ ಸಡಿಲ ಜೋಡಣೆಯಿಂದ ಕಾವು ಎದ್ದಿದೆ. ಅದನ್ನು ಶುಚಿ ಮಾಡಿ ಫಲವಿಲ್ಲ, ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು.

ಮುಂದೆ ನೀರು ಬರದಂತೆ ವೈರ್ ಕನೆಕ್ಟರಿನೊಳಗೆ ಹೋಗುವ ಮೊದಲು ಸ್ವಲ್ಪ ಕೆಳಕ್ಕೆ ಜೋಲುವಂತೆ ಕಟ್ಟಿ. ಆಗ ನೀರು ಇಳಿದು ಬಂದು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರಿಗೆ ಹೋಗುವುದಿಲ್ಲ.

ಈಗ ಮೋಟರಿನ ಸರದಿ

ಮೋಟರಿನಿಂದ ಹೊರಬರುವುದು ಮೂರು ದಪ್ಪ ಫೇಸ್ ವೈರ್, ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ. ಜೊತೆಗೆ ಐದು ಸಣ್ಣ ಹಾಲ್ ವೈರ್, ಕೆಂಪು, ಕಪ್ಪು ಮತ್ತು ಅದೇ ಮೂರು ಬಣ್ಣ. ಗೇರ್ ಇರುವ ಹಬ್ ಮೋಟರಿನಲ್ಲಿ ಒಂದು ವಿಷಯ ಗಮನಿಸಿ. ಚಕ್ರ ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಡುತ್ತದೆ, ಮೋಟರ್ ತಿರುಗುವುದಿಲ್ಲ. ಹಾಗಾಗಿ ಕೆಳಗಿನ ಎಲ್ಲ ಪರೀಕ್ಷೆಗಳಲ್ಲೂ ಚಕ್ರವನ್ನು ಹಿಂದಕ್ಕೆ ತಿರುಗಿಸಿ.

ಫೇಸ್ ಪರೀಕ್ಷೆಗೆ ಮೀಟರ್ ಬೇಡ. ಫೇಸ್ ಸುರುಳಿಯ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಎಷ್ಟೋ ಕಡಿಮೆ, ಸಾಧಾರಣ ಮೀಟರಿಗೆ ಅದು ಶಾರ್ಟ್ ಆದಂತೆಯೇ ಕಾಣುತ್ತದೆ. ಬದಲಿಗೆ ಮೋಟರನ್ನು ಕಂಟ್ರೋಲರಿಂದ ಬಿಚ್ಚಿ. ಚಕ್ರ ಹಗುರವಾಗಿ ತಿರುಗಬೇಕು. ಈಗ ಎರಡು ಫೇಸ್ ವೈರ್ ಒಂದಕ್ಕೊಂದು ತಾಗಿಸಿ ತಿರುಗಿಸಿ. ತಡೆತಡೆದು ಬಿಗಿಯಾಗುತ್ತದೆ. ಹಳದಿ-ಹಸಿರು, ಹಸಿರು-ನೀಲಿ, ನೀಲಿ-ಹಳದಿ ಮೂರು ಜೋಡಿಯಲ್ಲೂ ಅದೇ ಬಿಗಿತ ಬರಬೇಕು. ಒಂದೇ ಜೋಡಿಯಲ್ಲಿ ಬಿಗಿತ ಬಂದು ಉಳಿದೆರಡರಲ್ಲಿ ಬರದಿದ್ದರೆ, ಆ ಎರಡರಲ್ಲೂ ಇರುವ ವೈರ್ ಒಳಗೆಲ್ಲೋ ತುಂಡಾಗಿದೆ. ಯಾವುದನ್ನೂ ತಾಗಿಸದೆಯೇ ಬಿಗಿಯಾಗಿದ್ದರೆ ವೈರ್‌ಗಳು ಒಳಗೆ ಒಂದಕ್ಕೊಂದು ಕೂಡಿಕೊಂಡಿವೆ. ಕೊನೆಗೆ ಬೀಪ್ ಹಾಕಿ ಪ್ರತಿ ಫೇಸಿಗೂ ಆಕ್ಸಲ್‌ಗೂ ನಡುವೆ ನೋಡಿ, ಬೀಪ್ ಬರಕೂಡದು.

ಹಾಲ್ ಪರೀಕ್ಷೆಗೆ ಮೋಟರ್ ಕನೆಕ್ಟರ್ ಹಾಕಿಯೇ ಇರಬೇಕು, ಆನ್ ಆಗಿರಬೇಕು. ಸಂಕೇತದ ವೋಲ್ಟೇಜ್ ಬರುವುದು ಕಂಟ್ರೋಲರ್ ಕಡೆಯಿಂದ, ಬಿಚ್ಚಿಟ್ಟು ಅಳೆದರೆ ಏನೂ ಸಿಗುವುದಿಲ್ಲ. ಮೀಟರಿನ ಕಪ್ಪು ಪ್ರೋಬನ್ನು ಹಾಲ್‌ನ ಕಪ್ಪು ವೈರಿಗೆ, ಕೆಂಪನ್ನು ಮೊದಲು ಕೆಂಪಿಗೆ ಇಟ್ಟು 5 ವೋಲ್ಟ್ ಹತ್ತಿರ ಇದೆಯಾ ನೋಡಿ. ಆಮೇಲೆ ಹಳದಿಗೆ ಇಟ್ಟು ಚಕ್ರವನ್ನು ಬೆರಳಷ್ಟು ಬೆರಳಷ್ಟೇ ಹಿಂದಕ್ಕೆ ಸರಿಸಿ. ಮೀಟರ್ 5 ಅನ್ನುತ್ತದೆ, ಇನ್ನೊಂದು ಚೂರು ಸರಿಸಿದರೆ 0, ಮತ್ತೆ 5. ನಡುವಿನ ಅಂಕಿಯಲ್ಲಿ ನಿಲ್ಲುವುದಿಲ್ಲ. ಹಸಿರು, ನೀಲಿಗೂ ಹೀಗೇ ಮಾಡಿ. ಒಂದು ವೈರ್ ಎಷ್ಟು ಸರಿಸಿದರೂ 5ರಲ್ಲೇ ಅಥವಾ 0ಯಲ್ಲೇ ಕೂತಿದ್ದರೆ ಆ ಹಾಲ್ ಸೆನ್ಸರ್ ಹೋಗಿದೆ, ಇಲ್ಲವೇ ಅದರ ವೈರ್ ತುಂಡಾಗಿದೆ. ಮೂರೂ ಒಟ್ಟಿಗೆ 5 ಅಥವಾ ಮೂರೂ ಒಟ್ಟಿಗೆ 0 ಬರುವ ಜಾಗ ಸಾಮಾನ್ಯ ಮೋಟರಿನಲ್ಲಿ ಇರುವುದೇ ಇಲ್ಲ, ಬಂದರೆ ಅದೂ ದೋಷ. ಥ್ರಾಟಲ್ ಕೊಟ್ಟಾಗ ನಡುಗುವ ಚಕ್ರ ಕೈಯಿಂದ ಒಂದು ತಳ್ಳು ಕೊಟ್ಟರೆ ಓಡತೊಡಗುತ್ತದೆ ಅಂದರೆ ಹಾಲ್ ಮೇಲೆ ಅನುಮಾನ ಜಾಸ್ತಿ ಮಾಡಿ.

ಸೆನ್ಸರ್ ಸತ್ತಿದೆ ಅಂತ ತೀರ್ಮಾನಿಸುವ ಮೊದಲು ಆಕ್ಸಲ್ ತುದಿ ನೋಡಿ. ಕೇಬಲ್ ಹೊರಬರುವ ಜಾಗದಲ್ಲಿ ನಟ್ ಮತ್ತು ವಾಷರಿನ ಅಂಚು ತಾಗಿ ಹೊರಗಿನ ರಬ್ಬರ್ ಕತ್ತರಿಸಿರುತ್ತದೆ. ಫೇಸ್ ವೈರ್ ಸಣ್ಣ ಹಾಲ್ ವೈರಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ 5 ವೋಲ್ಟಿನ ಭಾಗಕ್ಕೆ ನುಗ್ಗಿ ಹಾಲ್, ಕಂಟ್ರೋಲರ್ ಎರಡೂ ಸಾಯುತ್ತವೆ. ಇದನ್ನು ಸರಿಮಾಡದೆ ಹೊಸ ಕಂಟ್ರೋಲರ್ ಹಾಕಿದರೆ ಅದೂ ಹೋಗುತ್ತದೆ.

ಕಂಟ್ರೋಲರ್ ಸುಟ್ಟಿದೆಯಾ?

ಕೈಗೇ ಗೊತ್ತಾಗುವ ಸುಳಿವೊಂದಿದೆ. ಎಲ್ಲ ಆಫ್ ಇದ್ದರೂ ಚಕ್ರ ಹಿಂದಕ್ಕೆ ತಿರುಗಿಸುವಾಗ ತಡೆತಡೆದು ಬಿಗಿ ಇದ್ದು, ಮೋಟರ್ ಕನೆಕ್ಟರ್ ಬಿಚ್ಚಿದ ಕೂಡಲೇ ಹಗುರವಾದರೆ ಕಂಟ್ರೋಲರ್ ಒಳಗಿನ ಮಾಸ್‌ಫೆಟ್, ಅಂದರೆ ಫೇಸಿಗೆ ಕರೆಂಟ್ ಬಿಟ್ಟು ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್, ಶಾರ್ಟ್ ಆಗಿದೆ.

ಖಚಿತ ಮಾಡಿಕೊಳ್ಳಲು ಬ್ಯಾಟರಿ ಮತ್ತು ಮೋಟರ್ ಎರಡನ್ನೂ ಬಿಚ್ಚಿ ಮೀಟರನ್ನು ಡಯೋಡ್ ಸ್ಥಾನಕ್ಕೆ ಇಡಿ. ಕೆಂಪು ಪ್ರೋಬನ್ನು ಕಂಟ್ರೋಲರಿನ ಬ್ಯಾಟರಿ ಕಡೆಯ ಕಪ್ಪು ವೈರಿಗೆ ಹಿಡಿದು, ಕಪ್ಪು ಪ್ರೋಬನ್ನು ಮೂರು ಫೇಸಿಗೂ ಒಂದೊಂದಾಗಿ ತಾಗಿಸಿ. ಮೂರರಲ್ಲೂ 0.4ರಿಂದ 0.6ರ ಒಳಗಿನ, ಒಂದಕ್ಕೊಂದು ಹತ್ತಿರದ ಅಂಕಿ ಬರಬೇಕು. ಆಮೇಲೆ ಕಪ್ಪು ಪ್ರೋಬನ್ನು ಬ್ಯಾಟರಿ ಕಡೆಯ ಕೆಂಪು ವೈರಿಗೆ ಹಿಡಿದು, ಕೆಂಪು ಪ್ರೋಬನ್ನು ಮೂರು ಫೇಸಿಗೂ ತಾಗಿಸಿ. ಅದೇ ಅಂಕಿ. ಎಲ್ಲಾದರೂ ಸೊನ್ನೆ ಬಂದರೆ, ಬೀಪ್ ಹೊಡೆದರೆ ಆ ಫೇಸಿನ ಮಾಸ್‌ಫೆಟ್ ಹೋಗಿದೆ. ಬೆಸುಗೆ ಕೆಲಸ ಚೆನ್ನಾಗಿ ಬರುವವರು ಅದನ್ನು ಬದಲಿಸಬಹುದು. ಉಳಿದವರಿಗೆ ಕಂಟ್ರೋಲರ್ ಬದಲಿಸುವುದೇ ವಾಸಿ, ಒಂದು ಮಾಸ್‌ಫೆಟ್ ಹೋದಾಗ ಅದನ್ನು ನಡೆಸುವ ಬಿಡಿಭಾಗಗಳೂ ಜೊತೆಗೆ ಹೋಗಿರುತ್ತವೆ.

ಹೊಸ ಕಂಟ್ರೋಲರ್ ಹಾಕಿದಾಗ ಬಣ್ಣಕ್ಕೆ ಬಣ್ಣ ಜೋಡಿಸಿದರೂ ಮೋಟರ್ ಗೊರಗುಟ್ಟಬಹುದು, ಹಿಂದಕ್ಕೂ ತಿರುಗಬಹುದು. ಅದು ದೋಷ ಅಲ್ಲ, ಜೋಡಣೆಯ ಕ್ರಮ ಬೇರೆ ಅಷ್ಟೇ. ಹಲವು ಕಂಟ್ರೋಲರ್‌ಗಳಲ್ಲಿ ಸೆಲ್ಫ್ ಲರ್ನಿಂಗ್ ಅಂತ ಒಂದು ಜೋಡಿ ವೈರ್ ಇರುತ್ತದೆ. ಚಕ್ರ ಎತ್ತಿಟ್ಟು ಅವೆರಡನ್ನೂ ಕೂಡಿಸಿ ಆನ್ ಮಾಡಿದರೆ ಅದೇ ಕ್ರಮ ಹುಡುಕಿಕೊಳ್ಳುತ್ತದೆ. ಸರಿಯಾದ ದಿಕ್ಕಿಗೆ ತಿರುಗತೊಡಗಿದ ಮೇಲೆ ಆ ವೈರ್ ಬಿಚ್ಚಿ. ಅದಿಲ್ಲದಿದ್ದರೆ ಹಾಲ್ ವೈರ್‌ಗಳನ್ನು ಹಾಗೇ ಬಿಟ್ಟು ಮೂರು ಫೇಸ್ ವೈರ್‌ಗಳ ಆರು ಜೋಡಣೆಯನ್ನೂ ಸ್ವಲ್ಪವೇ ಥ್ರಾಟಲ್ ಕೊಟ್ಟು ನೋಡಬೇಕು. ನಯವಾಗಿ, ಸದ್ದಿಲ್ಲದೆ ಮುಂದಕ್ಕೆ ತಿರುಗುವುದನ್ನು ಆರಿಸಿಕೊಳ್ಳಿ.

ಮೋಟರ್ ಬಿಚ್ಚಲೇಬೇಕಾದಾಗ

ಒಳಗೆ ಸೊಯ್ಯನೆ ತಿರುಗಿ ಚಕ್ರ ಎಳೆಯದಿದ್ದರೆ ಪಕ್ಕದ ಮುಚ್ಚಳ ಬಿಚ್ಚಿ. ಬಹುತೇಕ ಗೇರ್ ಹಬ್‌ಗಳಲ್ಲಿ ಮೂರು ನೈಲಾನ್ ಗೇರುಗಳಿರುತ್ತವೆ. ಹಲ್ಲು ಸವೆದು ಪುಡಿಯಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಹೊಸ ಸೆಟ್ ಸಿಗುತ್ತದೆ, ಆದರೆ ಹಲ್ಲಿನ ಎಣಿಕೆ, ವ್ಯಾಸ, ದಪ್ಪ ಅಳೆದು ಅದೇ ಅಳತೆಯದು ತರಿಸಿ. ಹಳೆ ಗ್ರೀಸ್‌ನಲ್ಲಿ ಪುಡಿ ಸೇರಿರುತ್ತದೆ, ಪೂರ್ತಿ ಒರೆಸಿ ಹೊಸದು ಹಚ್ಚಿ. ಗೇರು ಚೆನ್ನಾಗಿದ್ದರೆ ಕ್ಲಚ್ ಎರಡೂ ಕಡೆ ಜಾರುತ್ತಿದೆಯಾ ನೋಡಿ. ಒಂದೇ ಕಡೆ ಜಾರಬೇಕು.

ಹಾಲ್ ಸೆನ್ಸರ್ ಬದಲಿಸಲು ಎಸ್ಎಸ್41ಎಫ್ ಮಾದರಿ ಹೆಚ್ಚು ಬಳಕೆಯಲ್ಲಿದೆ. ಒಂದು ಹೋದರೆ ಮೂರನ್ನೂ ಬದಲಿಸುವುದು ಒಳ್ಳೆಯದು, ಮತ್ತೆ ಮತ್ತೆ ಮೋಟರ್ ಬಿಚ್ಚುವ ಕಾಟ ತಪ್ಪುತ್ತದೆ. ಹಳೆಯದು ಯಾವ ಮುಖ ಹೊರಗಿಟ್ಟು ಕೂತಿತ್ತು ಅಂತ ಫೋಟೋ ತೆಗೆದುಕೊಂಡೇ ಕೀಳಿ. ಇಷ್ಟೆಲ್ಲ ಬೇಡ ಅನ್ನುವವರಿಗೆ ಹಾಲ್ ಇಲ್ಲದೆಯೇ ನಡೆಸುವ ಕಂಟ್ರೋಲರ್‌ಗಳಿವೆ. ನಿಂತಲ್ಲಿಂದ ಹೊರಡುವಾಗ ಸ್ವಲ್ಪ ಜಗ್ಗುತ್ತವೆ, ಒಂದೆರಡು ಸುತ್ತು ಪೆಡಲ್ ತುಳಿದರೆ ಸರಿಹೋಗುತ್ತದೆ. ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಮೋಟರ್ ಬಿಚ್ಚುವಾಗ ಎಚ್ಚರ ಇರಲಿ. ಆಯಸ್ಕಾಂತದ ಸೆಳೆತ ಎಷ್ಟು ಜೋರೆಂದರೆ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ.

ಪೆಡಲ್ ಹತ್ತಿರ ಮೋಟರ್ ಇರುವ ಮಿಡ್ ಡ್ರೈವ್ ಸೈಕಲ್ ನಿಮ್ಮದಾದರೆ ಕಂಟ್ರೋಲರ್ ಮೋಟರಿನ ಒಳಗೇ ಇರುತ್ತದೆ, ಮೇಲೆ ಹೇಳಿದ ಹಲವು ಪರೀಕ್ಷೆ ಹೊರಗಿನಿಂದ ಮಾಡಲಾಗುವುದಿಲ್ಲ. ಆದರೆ ಅದರಲ್ಲಿ ಮೊದಲು ನೋಡಬೇಕಾದದ್ದು ಹಿಂದಿನ ಚಕ್ರದ ಕಡ್ಡಿಗೆ ಕಟ್ಟಿರುವ ಪುಟ್ಟ ಆಯಸ್ಕಾಂತ. ಅದು ಜಾರಿ ಸೆನ್ಸರಿಂದ ದೂರವಾದರೆ ವೇಗ ತಿಳಿಯದೆ ಮೋಟರ್ ಒಂದು ಗಳಿಗೆ ಓಡಿ ನಿಂತುಬಿಡುತ್ತದೆ. ಗೇರ್ ಬದಲಿಸುವಾಗ ಮೋಟರ್ ನಿಲ್ಲಿಸುವ ಸೆನ್ಸರ್ ಇದ್ದರೆ ಅದನ್ನೂ ಬಿಚ್ಚಿ ನೋಡಿ. ಬಾಷ್, ಶಿಮಾನೋದಂಥವುಗಳಲ್ಲಿ ಇದಕ್ಕಿಂತ ಮುಂದೆ ಹೋಗಲು ಡೀಲರ್ ಹತ್ತಿರ ಇರುವ ಸಾಫ್ಟ್‌ವೇರ್ ಬೇಕು, ಅಲ್ಲಿಗೇ ಒಯ್ಯಿರಿ.

ಸರಿಯಾದ ಮೇಲೆ

ಚಕ್ರ ಎತ್ತಿಟ್ಟೇ ಮೊದಲು ಅಸಿಸ್ಟ್ 1ರಲ್ಲಿ ಓಡಿಸಿ. ಬಿಚ್ಚಿಟ್ಟ ಬ್ರೇಕ್ ಸ್ವಿಚ್ ಹಾಕಿ, ಲಿವರ್ ಎಳೆದಾಗ ಮೋಟರ್ ತಟ್ಟನೆ ನಿಲ್ಲುತ್ತದೆಯಾ ನೋಡಿ. ಹತ್ತು ನಿಮಿಷ ಓಡಿಸಿ ಬಂದು ಬ್ಯಾಟರಿ ಮತ್ತು ಫೇಸ್ ಕನೆಕ್ಟರ್‌ಗಳನ್ನು ಹೊರಗಿನಿಂದ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಜೋಡಣೆ ಇನ್ನೂ ಸಡಿಲ ಇದೆ. ಕೊನೆಯದಾಗಿ ಆಕ್ಸಲ್ ನಟ್ ಬಿಗಿ ಮಾಡಿ, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಇಲ್ಲದಿದ್ದರೆ ಹಾಕಿಸಿ. ಆಕ್ಸಲ್ ಫೋರ್ಕಿನಲ್ಲಿ ಒಂದು ಸುತ್ತು ತಿರುಗಿದರೆ ಕೇಬಲ್ ಹರಿದು, ಈ ಎಲ್ಲ ಪರೀಕ್ಷೆಯನ್ನೂ ಮೊದಲಿಂದ ಮಾಡಬೇಕಾಗುತ್ತದೆ.